ಸಂಬಳ ಪಡೆಯುವ ಸವಾರರು ನೆರವಿಲ್ಲದ ದೀರ್ಘದೂರ ಓಟಕ್ಕೆ ಬರಬಹುದೇ?

ಪಡುಬಿದ್ರಿ ಸವಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಂಗಳೂರು ಮತ್ತು ಉಡುಪಿ ಕಡೆಯ ನಾವು 14 ಮಂದಿ ಸೇರಿಕೊಂಡು ಬರುವ ಡಿಸೆಂಬರಿನಲ್ಲಿ ಒಂದು ದೀರ್ಘ ಸೈಕಲ್ ಓಟವನ್ನು ನಮ್ಮ ಮಟ್ಟಿಗೆ ಇಟ್ಟುಕೊಂಡಿದ್ದೇವೆ. ಮಂಗಳೂರಿನಿಂದ ಹೊರಟು ಕಾರ್ಕಳ, ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿ, ಶಿವಮೊಗ್ಗ, ಸಾಗರ, ಜೋಗ ದಾಟಿ, ಗೇರುಸೊಪ್ಪೆಯ ಇಳಿಜಾರಿನಲ್ಲಿ ಹೊನ್ನಾವರಕ್ಕೆ ಬಂದು, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಡಲನ್ನು ಬಲಕ್ಕಿಟ್ಟುಕೊಂಡು ಊರಿಗೆ ಮರಳುವ, 500 ಕಿಲೋಮೀಟರಿಗೂ ಮಿಕ್ಕಿದ ದಾರಿ ಇದು. ನಮ್ಮ ನಿಯಮಗಳು ಕೆಲವೇ. ಹಿಂದೆ ಮುಂದೆ ಯಾರ ಕಾರೂ ಇರಬಾರದು. ಮನೆಯವರು ದಾರಿಯಲ್ಲಿ ನಿಂತು ಊಟ ಕೊಡಬಾರದು. ಒಬ್ಬರ ಬೆನ್ನ ಹಿಂದೆ ಗಾಳಿಯ ಮರೆಯಲ್ಲಿ ಇನ್ನೊಬ್ಬರು ತುಳಿಯಬಾರದು. ಬೇಕಾದ ಸಾಮಾನನ್ನು ಸೈಕಲಿನ ಮೇಲೆ ಹೊತ್ತೇ ಹೋಗಬೇಕು, ಇಲ್ಲವಾದರೆ ಎಲ್ಲರಿಗೂ ತೆರೆದಿರುವ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಹೊರಟ ಕ್ಷಣದಿಂದ ಮುಟ್ಟುವ ಕ್ಷಣದವರೆಗೆ ಗಡಿಯಾರ ಓಡುತ್ತಲೇ ಇರುತ್ತದೆ. ನಿದ್ದೆ ಮಾಡಿದ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.

ಈಗ ಒಂದು ಹೊಸ ಸಂದರ್ಭ ಎದುರಾಗಿದೆ. ಬೆಂಗಳೂರಿನಲ್ಲಿದ್ದುಕೊಂಡು ಒಂದು ತಂಡಕ್ಕಾಗಿ ಸಂಬಳ ಪಡೆದು ರಸ್ತೆ ಓಟಗಳಲ್ಲಿ ಭಾಗವಹಿಸುವ ಒಬ್ಬ ಸವಾರರು ನಮ್ಮ ಓಟದ ಸುದ್ದಿ ಕೇಳಿ, ತಾವೂ ಬರಬಹುದೇ ಎಂದು ಬಹಳ ಸೌಜನ್ಯದಿಂದ ವಿಚಾರಿಸಿದ್ದಾರೆ. ತಮ್ಮ ಪ್ರಾಯೋಜಕರಿಗಾಗಿ ಒಂದು ವಿಡಿಯೊ ಮಾಡಬೇಕಾಗಿದೆಯೆಂದೂ, ಛಾಯಾಗ್ರಾಹಕರೊಬ್ಬರು ಕಾರಿನಲ್ಲಿ ಜೊತೆಗೆ ಬರುತ್ತಾರೆಂದೂ, ಅವರಿಂದ ಒಂದು ಹನಿ ನೀರನ್ನೂ ಪಡೆಯುವುದಿಲ್ಲವೆಂದೂ ತಿಳಿಸಿದ್ದಾರೆ. ನಮ್ಮಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ಕೆಲವರಿಗೆ ಅಂತಹ ಸವಾರರ ಜೊತೆ ಒಂದೇ ದಾರಿಯಲ್ಲಿ ತುಳಿಯುವುದೇ ಒಂದು ಭಾಗ್ಯವೆನಿಸಿದೆ. ಇನ್ನು ಕೆಲವರು, ಹಗಲಿಡೀ ಬೇರೆ ಉದ್ಯೋಗ ಮಾಡಿ ಬೆಳಗಿನ ನಾಲ್ಕು ಗಂಟೆಗೆ ಎದ್ದು ಅಭ್ಯಾಸ ಮಾಡುವವರ ಓಟಕ್ಕೆ, ತುಳಿಯುವುದನ್ನೇ ಉದ್ಯೋಗ ಮಾಡಿಕೊಂಡವರು ಬಂದರೆ ಓಟದ ಸ್ವರೂಪವೇ ಬದಲಾಗುತ್ತದೆ ಎನ್ನುತ್ತಾರೆ. ನಾನು ಬ್ಯಾಂಕ್ ಉದ್ಯೋಗಿ. ಎರಡನೆಯ ಗುಂಪಿನವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಅವರ ತೀರ್ಮಾನವನ್ನು ಒಪ್ಪಲು ಮನಸ್ಸು ಬರುತ್ತಿಲ್ಲ. ವಿದೇಶದ ದೊಡ್ಡ ಓಟಗಳಲ್ಲಿ ಈ ಪ್ರಶ್ನೆ ಹೇಗೆ ಬಂದಿದೆ, ಹೇಗೆ ಬಗೆಹರಿದಿದೆ ಎಂಬುದನ್ನು ಬಲ್ಲವರು ತಿಳಿಸಬೇಕು.

ನೇತ್ರಾವತಿ ತೀರ ಬರೆದದ್ದು:

ಪಡುಬಿದ್ರಿಯವರೆ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಂಬಳದ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ.

ನೆರವಿಲ್ಲದೆ ಓಡುವುದು ಹವ್ಯಾಸಿಗಳ ಸಂಪ್ರದಾಯ, ವೃತ್ತಿಪರರು ಅದರೊಳಗೆ ಈಗ ಹೊಸದಾಗಿ ಕಾಲಿಡುತ್ತಿದ್ದಾರೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಚರಿತ್ರೆ ಇದಕ್ಕೆ ತಿರುಗುಮುರುಗಾಗಿದೆ. 1903ರಲ್ಲಿ ಟೂರ್ ದ ಫ್ರಾನ್ಸ್ ಮೊದಲ ಬಾರಿ ನಡೆದಾಗ ಪ್ಯಾರಿಸಿನಿಂದ ಲಿಯಾನಿಗೆ ಹೋದ ಮೊದಲ ಹಂತವೇ 467 ಕಿಲೋಮೀಟರ್ ಇತ್ತು. ರಾತ್ರಿಯಿಡೀ ಕಚ್ಚಾ ರಸ್ತೆಯಲ್ಲಿ ತುಳಿಯಬೇಕಾಗಿತ್ತು. ಅದನ್ನು ಗೆದ್ದ ಮೊರಿಸ್ ಗಾರಾಂ ಎರಡು ವರ್ಷ ಮೊದಲು, 1901ರಲ್ಲಿ, 1,200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಓಟವನ್ನೂ ಗೆದ್ದಿದ್ದರು. ಇವರೆಲ್ಲ ತುಳಿದೇ ಹೊಟ್ಟೆ ಹೊರೆಯುತ್ತಿದ್ದವರು.

ಆ ಕಾಲದ ಟೂರಿನಲ್ಲಿ ಸೈಕಲ್ ಕೆಟ್ಟರೆ ಸವಾರನೇ ರಿಪೇರಿ ಮಾಡಬೇಕೆಂಬ ನಿಯಮವಿತ್ತು. 1913ರಲ್ಲಿ ಯುಜೀನ್ ಕ್ರಿಸ್ತೋಫ್ ಎಂಬ ಸವಾರನ ಸೈಕಲಿನ ಮುಂದಿನ ಫೋರ್ಕ್ ಪಿರನೀಸ್ ಪರ್ವತದ ತುರ್ಮಲೆ ಘಾಟಿಯ ಇಳಿಜಾರಿನಲ್ಲಿ ಮುರಿಯಿತು. ಆತ ಸೈಕಲನ್ನು ಹೆಗಲ ಮೇಲೆ ಹೊತ್ತು ಹತ್ತು ಕಿಲೋಮೀಟರಿಗೂ ಮಿಕ್ಕಿ ನಡೆದು, ಕೆಳಗಿನ ಸಾಂತ್-ಮರಿ-ದ-ಕಾಂಪಾನ್ ಎಂಬ ಹಳ್ಳಿಯ ಕಮ್ಮಾರಸಾಲೆಯಲ್ಲಿ ತನ್ನ ಕೈಯಾರೆ ಫೋರ್ಕನ್ನು ಬೆಸೆದ. ಓಟದ ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಎರಡು ಕೈಯಲ್ಲೂ ಕೆಲಸವಿದ್ದುದರಿಂದ ತಿದಿಯೊತ್ತಲು ಅಲ್ಲಿದ್ದ ಹುಡುಗನೊಬ್ಬನ ಸಹಾಯ ಪಡೆದ. ಅಷ್ಟಕ್ಕೇ ಅವನ ಮೇಲೆ ಹತ್ತು ನಿಮಿಷದ ದಂಡ ಬಿತ್ತು, ಆಮೇಲೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರು. ಓಟವನ್ನು ಗೆಲ್ಲುವ ಅವಕಾಶವಂತೂ ಆ ಕುಲುಮೆಯ ಮುಂದೆಯೇ ಕಳೆದುಹೋಗಿತ್ತು. ಈ ಪ್ರಸಂಗವನ್ನು ನೆನೆದಾಗಲೆಲ್ಲ ನನಗೆ ದುಃಖವಾಗುತ್ತದೆ. ಆದರೂ ನೆರವು ಎಂದರೇನು ಎಂಬುದನ್ನು ಆ ಕಾಲದವರು ಎಷ್ಟು ಸೂಕ್ಷ್ಮವಾಗಿ ಅಳೆಯುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ. ಅವರು ಅಳೆದದ್ದು ತಿದಿಯನ್ನು, ಕ್ರಿಸ್ತೋಫನ ಸಂಬಳವನ್ನಲ್ಲ.

ತಂಡದ ಕಾರು, ಮೆಕ್ಯಾನಿಕ್, ಊಟದ ಚೀಲ ಹಿಡಿದು ನಿಲ್ಲುವವರು, ಇವೆಲ್ಲ ಬಂದದ್ದು ಆಮೇಲೆ. ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಓಟದಲ್ಲಿ 1931ರಿಂದ ಹವ್ಯಾಸಿಗಳಿಗೂ ಪ್ರತ್ಯೇಕ ವ್ಯವಸ್ಥೆಯಾಯಿತು. 1951ರ ನಂತರ ವೃತ್ತಿಪರರ ಓಟ ನಿಂತೇಹೋಗಿ, ಇಂದು ನಾವು ಬ್ರೆವೆ ಎಂದು ಕರೆಯುವ, ಗೆಲುವಿಗಾಗಿ ಅಲ್ಲದೆ ಗೊತ್ತಾದ ಹೊತ್ತಿನೊಳಗೆ ದೂರವನ್ನು ಮುಗಿಸುವ ಪರಂಪರೆ ಮಾತ್ರ ಉಳಿಯಿತು. ವೃತ್ತಿಪರರು ದೀರ್ಘದೂರವನ್ನು ಬಿಟ್ಟುಹೋದರು, ಆ ದಾರಿಯನ್ನು ಹವ್ಯಾಸಿಗಳು ಕಾಪಾಡಿಕೊಂಡು ಬಂದರು. ಈಗ ಅವರು ಮರಳಿ ಬರುತ್ತಿದ್ದಾರೆ.

ಅಮೆರಿಕವನ್ನು ಅಡ್ಡಲಾಗಿ ದಾಟುವ ರೇಸ್ ಅಕ್ರಾಸ್ ಅಮೆರಿಕ ಬೇರೆ ಜಾತಿಯ ಓಟ. ಅಲ್ಲಿ ಸವಾರನ ಹಿಂದೆ ಕಾರು, ಸಹಾಯಕರ ತಂಡ ಎಲ್ಲ ಇರುತ್ತದೆ, ಇರಲೇಬೇಕು. ನಮ್ಮ ದೇಶದ ಸೇನೆಯ ವೈದ್ಯರಾದ ಶ್ರೀನಿವಾಸ್ ಗೋಕುಲನಾಥ್ ಅವರು 2017ರಲ್ಲಿ ಅದನ್ನು ಒಬ್ಬಂಟಿ ಸವಾರರ ವಿಭಾಗದಲ್ಲಿ ಪೂರೈಸಿದ ಮೊದಲ ಭಾರತೀಯರಾದರು. ನೀವು ಹಾಕಿಕೊಂಡ ನಿಯಮಗಳ ಮಾದರಿ ಅಲ್ಲಿಲ್ಲ, 2013ರಲ್ಲಿ ಬ್ರಿಟನ್ನಿನ ಮೈಕ್ ಹಾಲ್ ಆರಂಭಿಸಿದ ಟ್ರಾನ್ಸ್‌ಕಾಂಟಿನೆಂಟಲ್ ರೇಸಿನಲ್ಲಿದೆ. ಯೂರೋಪಿನುದ್ದಕ್ಕೂ ಸುಮಾರು 4,000 ಕಿಲೋಮೀಟರ್, ಕೆಲವು ಕಡ್ಡಾಯ ತಾಣಗಳನ್ನು ಬಿಟ್ಟರೆ ದಾರಿಯ ಆಯ್ಕೆಯೂ ಸವಾರನದೇ. 2019ರಲ್ಲಿ ಜರ್ಮನಿಯ ಫಿಯೋನಾ ಕೋಲ್ಬಿಂಗರ್, ಆಗ 24 ವರ್ಷದ, ಕ್ಯಾನ್ಸರ್ ಸಂಶೋಧನೆಯಲ್ಲಿ ತೊಡಗಿದ್ದ ಯುವತಿ, ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮೊದಲು, 10 ದಿನ 2 ಗಂಟೆ 48 ನಿಮಿಷಗಳಲ್ಲಿ ಗುರಿ ಮುಟ್ಟಿದರು. 2022 ಮತ್ತು 2023ರಲ್ಲಿ ಅದೇ ಓಟವನ್ನು ಗೆದ್ದವರು ಆಸ್ಟ್ರಿಯಾದ ಕ್ರಿಸ್ಟೋಫ್ ಸ್ಟ್ರಾಸರ್. ಇವರು ರೇಸ್ ಅಕ್ರಾಸ್ ಅಮೆರಿಕವನ್ನು ಆರು ಬಾರಿ ಗೆದ್ದ, ದೀರ್ಘದೂರದ ತುಳಿತವನ್ನೇ ಬದುಕಾಗಿಸಿಕೊಂಡ ಸವಾರರು. ಒಂದೇ ಪಟ್ಟಿಯಲ್ಲಿ ಈ ಇಬ್ಬರ ಹೆಸರೂ ಅಕ್ಕಪಕ್ಕದಲ್ಲಿ ಇರುವುದರಿಂದ ಆ ಪಟ್ಟಿಗೆ ಯಾವ ಕುಂದೂ ಬಂದಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ಯಕ್ಷಗಾನದ ಮಾತಿನಲ್ಲಿ ಹೇಳುವುದು ಸುಲಭ. ಹವ್ಯಾಸಿ ಸಂಘದ ಆಟಕ್ಕೆ ಮೇಳದ ಕಲಾವಿದರೊಬ್ಬರು ಅತಿಥಿಯಾಗಿ ಬಂದು ವೇಷ ಮಾಡಿದರೆ ಯಾರೂ ಆಕ್ಷೇಪಿಸುವುದಿಲ್ಲ, ಸಂಘದ ಹುಡುಗರು ಬಣ್ಣ ಹಚ್ಚುವ ಚೌಕಿಯಲ್ಲಿ ಅವರ ಪಕ್ಕ ಕುಳಿತು ಕಲಿಯುತ್ತಾರೆ. ಆದರೆ ಹಾಡುಗಾರಿಕೆ, ಚೆಂಡೆ, ಮದ್ದಳೆ ಎಲ್ಲರಿಗೂ ಒಂದೇ ಆಗಿರಬೇಕು. ನನ್ನ ಅಭಿಪ್ರಾಯವಿಷ್ಟೆ: ವೇಷಧಾರಿ ಬರಲಿ, ಅವರ ಸ್ವಂತ ಹಿಮ್ಮೇಳ ಬೇಡ.

ಮಣಿಪಾಲ ಫಿಸಿಯೊ ಬರೆದದ್ದು:

ಹಿರಿಯರು ಚರಿತ್ರೆಯನ್ನು ಹೇಳಿದ್ದಾರೆ. ನಾನು ದೇಹದ ಕಡೆಯಿಂದ ಒಂದಿಷ್ಟು ಬರೆಯುತ್ತೇನೆ, ಏಕೆಂದರೆ ವೃತ್ತಿಪರರು ಬಂದರೆ ಉಳಿದವರಿಗೆ ಆಟವೇ ಇಲ್ಲ ಎಂಬ ಭಯ ಅರ್ಧ ಮಾತ್ರ ನಿಜ.

ರಸ್ತೆ ಓಟದ ಸವಾರರ ಬಲ ಯಾವ ಬಗೆಯದೆಂದು ನೋಡಿ. ನಾಲ್ಕರಿಂದ ಆರು ಗಂಟೆಗಳ ಹಂತ, ಗುಂಪಿನ ನಡುವೆ ಗಾಳಿಯ ಮರೆ, ಕೊನೆಯಲ್ಲಿ ಅಪಾರ ಶಕ್ತಿಯ ಸ್ಫೋಟ, ಆಮೇಲೆ ಮಾಲೀಸು, ಊಟ, ಎಂಟು ಒಂಬತ್ತು ಗಂಟೆಗಳ ನಿದ್ದೆ. ಅವರ ಹೃದಯ ಮತ್ತು ಸ್ನಾಯುಗಳ ಸಾಮರ್ಥ್ಯ ನಮ್ಮದಕ್ಕಿಂತ ಎಷ್ಟೋ ಮೇಲಿನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆರವಿಲ್ಲದ ಓಟದಲ್ಲಿ ಯಾರೂ ತಮ್ಮ ಸಾಮರ್ಥ್ಯದ ಅಂಚಿನಲ್ಲಿ ತುಳಿಯುವುದಿಲ್ಲ. ಇಡೀ ದಿನ ಮಾತನಾಡಿಕೊಂಡು ತುಳಿಯಬಹುದಾದ ಮೆಲುವೇಗದಲ್ಲೇ ಹೋಗುತ್ತಾರೆ. ಅಲ್ಲಿ ವೇಗದ ಅಂತರ ಕುಗ್ಗುತ್ತದೆ, ನಿಲ್ಲುವ ಹೊತ್ತಿನ ಅಂತರ ಹಿಗ್ಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 400 ಕಿಲೋಮೀಟರ್ ಹೋಗಬೇಕೆಂದಿಟ್ಟುಕೊಳ್ಳಿ. ಗಂಟೆಗೆ ಸರಾಸರಿ 25 ಕಿಲೋಮೀಟರಿನಲ್ಲಿ ತುಳಿಯುವವರಿಗೆ 16 ಗಂಟೆ ಬೇಕು. 27 ಕಿಲೋಮೀಟರಿನಲ್ಲಿ ತುಳಿಯುವವರಿಗೆ 14 ಗಂಟೆ 49 ನಿಮಿಷ ಸಾಕು. ದಿನವಿಡೀ ಎರಡು ಕಿಲೋಮೀಟರ್ ಹೆಚ್ಚಿನ ವೇಗವನ್ನು ಕಾಯ್ದುಕೊಳ್ಳುವುದೆಂದರೆ ಸಣ್ಣ ಸಾಧನೆಯಲ್ಲ. ಆದರೂ ಅದರಿಂದ ಉಳಿಯುವುದು 71 ನಿಮಿಷ. ನಿಧಾನವಾಗಿ ತುಳಿಯುವವರು ಊಟಕ್ಕೆ ಎರಡು ಸಲ ಕುಳಿತುಕೊಳ್ಳುವ ಬದಲು ಕಟ್ಟಿಸಿಕೊಂಡ ಬನ್ಸನ್ನು ತುಳಿಯುತ್ತಲೇ ತಿಂದರೆ, ನೀರು ತುಂಬಿಸುವುದು, ಮೊಬೈಲ್ ನೋಡುವುದು, ಬಟ್ಟೆ ಬದಲಿಸುವುದು ಎಲ್ಲವನ್ನೂ ಒಂದೇ ನಿಲುಗಡೆಯಲ್ಲಿ ಮುಗಿಸಿದರೆ, ಆ 71 ನಿಮಿಷಗಳನ್ನು ಗಳಿಸಿಕೊಳ್ಳುತ್ತಾರೆ. ಯಾವಾಗಲೂ ಯಾರೋ ಕೈಗೆ ಬಾಟಲಿ ಕೊಡುತ್ತಿದ್ದ ಅಭ್ಯಾಸದವರಿಗೆ ಈ ಮನೆವಾರ್ತೆಯೇ ಕಷ್ಟವಾಗುವುದುಂಟು.

ಇನ್ನು ನಿದ್ದೆ. ನಡುರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹದ ಉಷ್ಣತೆಯೂ ಎಚ್ಚರವೂ ತಳಮುಟ್ಟಿರುತ್ತವೆ. ಎಷ್ಟೇ ಗಟ್ಟಿಮುಟ್ಟಾದ ಕಾಲುಗಳಿದ್ದರೂ ಆಗ ಕಣ್ಣು ಒಂದೆರಡು ಕ್ಷಣ ತಾನಾಗಿ ಮುಚ್ಚುತ್ತದೆ, ಸವಾರನಿಗೆ ಅದು ಗೊತ್ತೇ ಆಗುವುದಿಲ್ಲ. ಹಿರಿಯರು ಯಕ್ಷಗಾನವನ್ನು ನೆನಪಿಸಿದ್ದರಿಂದ ಹೇಳುತ್ತೇನೆ: ಬೆಳಗಿನ ತನಕ ಆಟ ಕುಣಿಯುವ ಮೇಳದ ಕಲಾವಿದರು ತಿರುಗಾಟ ಆರಂಭವಾದ ದಿನದಿಂದ ಅದು ಮುಗಿಯುವ ಪತ್ತನಾಜೆಯವರೆಗೆ ರಾತ್ರಿಯನ್ನೇ ಹಗಲು ಮಾಡಿಕೊಂಡು, ಹಗಲು ನಿದ್ದೆಯನ್ನು ತಪ್ಪದೆ ಕಾಯ್ದುಕೊಳ್ಳುತ್ತಾರೆ. ಒಂದು ರಾತ್ರಿಯ ಮಟ್ಟಿಗೆ ಎಚ್ಚರವಿರಬೇಕಾದ ಸವಾರರಿಗೆ ಅಂತಹ ಹೊಂದಾಣಿಕೆ ಇರುವುದಿಲ್ಲ, ವೃತ್ತಿಪರರಿಗೂ ಇರುವುದಿಲ್ಲ. ನಿಮ್ಮ ಓಟದಲ್ಲಿ ಹೊನ್ನಾವರದಿಂದ ಭಟ್ಕಳದವರೆಗಿನ ದಾರಿ ಬಹಳ ಮಂದಿಗೆ ಈ ಹೊತ್ತಿನಲ್ಲೇ ಬರುವುದರಿಂದ, ಹೊನ್ನಾವರದಲ್ಲಿ 20 ನಿಮಿಷವಾದರೂ ಮಲಗಿ ಏಳಿರೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಎದ್ದ ಕೂಡಲೇ ಹೊರಡಬೇಡಿ; ಮಂಪರು ಹರಿಯಲು ಹತ್ತು ಹದಿನೈದು ನಿಮಿಷ ಬೇಕು.

ಹೊಟ್ಟೆಯ ವಿಷಯದಲ್ಲಿ ಮಾತ್ರ ವೃತ್ತಿಪರರು ನಮಗಿಂತ ಬಹಳ ಮುಂದಿದ್ದಾರೆ. ಗ್ಲೂಕೋಸ್ ಒಂದೇ ಆದರೆ ಗಂಟೆಗೆ ಸುಮಾರು 60 ಗ್ರಾಂ, ಅದರ ಜೊತೆ ಫ್ರಕ್ಟೋಸ್ ಸೇರಿದರೆ 90 ಗ್ರಾಂವರೆಗೆ ಕರುಳು ಹೀರಿಕೊಳ್ಳಬಲ್ಲದು. ಆದರೆ ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಅವರು ಆ ಅಭ್ಯಾಸ ಮಾಡಿರುತ್ತಾರೆ. ಇದಕ್ಕೆ ಎದುರಾಗಿ ನಮ್ಮ ಕಡೆಗಿರುವ ಒಂದು ಅನುಕೂಲ ನಮ್ಮ ಸೆಕೆ. ಕರಾವಳಿಯ ಒದ್ದೆಗಾಳಿಯಲ್ಲಿ ಬೆವರು ಆರದೆ ಕೆಳಗೆ ತೊಟ್ಟಿಕ್ಕುತ್ತದೆ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ಸುರಿದುಹೋದ ಬೆವರಿನಿಂದ ನೀರು, ಉಪ್ಪು ನಷ್ಟವೇ ಹೊರತು ತಂಪಿಲ್ಲ. ಬೆಂಗಳೂರಿನ ಹವೆಯಲ್ಲಿ ಅಭ್ಯಾಸ ಮಾಡಿದ ದೇಹ ಇದಕ್ಕೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಆ ಸವಾರರಿಗೆ ಈ ಮಾತನ್ನು ನೀವು ಮುಂಚಿತವಾಗಿ ತಿಳಿಸಿದರೆ ಒಳ್ಳೆಯದು. ಎದುರಾಳಿಯಾದರೂ ಅವರು ನಮ್ಮ ಅತಿಥಿಗಳು, ಮರುದಿನ ಮಧ್ಯಾಹ್ನ ಕುಂದಾಪುರದ ಹತ್ತಿರ ಅವರು ಬವಳಿ ಬಂದು ಬೀಳುವುದು ಯಾರಿಗೂ ಬೇಡ.

ಕೈಬೆರಳುಗಳ ಬಗ್ಗೆ ಒಂದು ಮಾತು, ಇದು ಎಲ್ಲರಿಗೂ ಅನ್ವಯಿಸುತ್ತದೆ. ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿದರೆ ಅಂಗೈಯ ನರದ ಮೇಲೆ ಒತ್ತಡ ಬೀಳುತ್ತಿದೆ ಎಂದರ್ಥ. ಹ್ಯಾಂಡಲಿನ ಮೇಲೆ ಕೈಯ ಜಾಗವನ್ನು ಆಗಾಗ ಬದಲಿಸುತ್ತಿರಿ, ಸಹಿಸಿಕೊಂಡು ಹೋಗಬೇಡಿ.

ಕುಂದಾಪುರದ ಸೈಕಲ್ ಬರೆದದ್ದು:

ಸಂಬಳದ ಬಗ್ಗೆ ಹಿರಿಯರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಅವರು ಅದನ್ನು ಸ್ವಲ್ಪ ಬೇಗ ಮುಗಿಸಿಬಿಟ್ಟರು ಎನಿಸುತ್ತದೆ. ಸಂಬಳ ಪಡೆಯುವವರಿಗೆ ಸಿಗುವುದು ದುಡ್ಡು ಮಾತ್ರವಲ್ಲ, ಹೊತ್ತು. ಓಟಕ್ಕೆ ಮೊದಲು ಎರಡು ಸಲ ಬಂದು ದಾರಿಯನ್ನು ನೋಡಿಹೋಗುವ ಹೊತ್ತು, ಓಟ ಮುಗಿದ ಮೇಲೆ ಒಂದು ವಾರ ಮಲಗುವ ಹೊತ್ತು. ನಾನು ಶಾಲೆಯಲ್ಲಿ ಪಾಠ ಮಾಡುವವಳು. ಭಾನುವಾರ ರಾತ್ರಿ ಮನೆ ಸೇರಿದರೆ ಸೋಮವಾರ ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ನಿಂತಿರಬೇಕು. ಈ ಅಂತರವನ್ನು ಯಾವ ನಿಯಮದಿಂದಲೂ ಸರಿಪಡಿಸಲಾಗದು, ಸರಿಪಡಿಸಬೇಕೆಂದು ನಾನು ಕೇಳುವುದೂ ಇಲ್ಲ. ಇದು ಇದೆ ಎಂಬುದನ್ನು ಒಪ್ಪಿಕೊಂಡು ಮಾತನಾಡಬೇಕು, ಅಷ್ಟೆ.

ಕ್ಯಾಮೆರಾದ ಕಾರಿನ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾದದ್ದು, ಅದಕ್ಕೆ ನನ್ನ ಅನುಭವವೇ ಕಾರಣ. ಕೆಲವು ವರ್ಷಗಳ ಹಿಂದೆ 400 ಕಿಲೋಮೀಟರಿನ ಬ್ರೆವೆಯಲ್ಲಿ ರಾತ್ರಿ ಎರಡು ಗಂಟೆಗೆ ನಾನು ಬೈಂದೂರಿನ ಒತ್ತಿನೆಣೆಯ ಏರನ್ನು ಒಬ್ಬಳೇ ಹತ್ತುತ್ತಿದ್ದೆ. ಲಾರಿಗಳು ಬಿಟ್ಟರೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಆಗ ಹಿಂದಿನಿಂದ ಒಂದು ಕಾರಿನ ಬೆಳಕು ಬಂದು ನನ್ನನ್ನು ದಾಟದೆ ನಿಧಾನವಾಗಿ ಬರತೊಡಗಿತು. ಮೊದಲು ಜೀವ ಹಾರಿಹೋದಂತಾಯಿತು. ಆಮೇಲೆ ತಿಳಿದದ್ದೇನೆಂದರೆ ನನ್ನ ಮುಂದೆ ಸ್ವಲ್ಪ ದೂರದಲ್ಲಿ ಹೋಗುತ್ತಿದ್ದ ಇನ್ನೊಬ್ಬ ಸವಾರರ ಗೆಳೆಯರು ಅವರು, ಫೋಟೋ ತೆಗೆಯಲು ಬಂದಿದ್ದರು. ಬ್ರೆವೆಯ ನಿಯಮದಂತೆ ಸಹಾಯದ ವಾಹನಗಳು ನಿಗದಿಯಾದ ತಾಣಗಳಲ್ಲಿ ಮಾತ್ರ ಸವಾರರನ್ನು ಭೇಟಿಯಾಗಬಹುದು, ದಾರಿಯಲ್ಲಿ ಹಿಂಬಾಲಿಸುವಂತಿಲ್ಲ. ಅವರು ಯಾರಿಗೂ ಏನನ್ನೂ ಕೊಡಲಿಲ್ಲ. ಆದರೆ ಶಿರೂರು ದಾಟುವವರೆಗೆ ಆ ಬೆಳಕಿನಲ್ಲಿ ನನಗೆ ಹೊಂಡಗಳು ಕಾಣಿಸುತ್ತಿದ್ದವು, ನಾಯಿಗಳ ಭಯವಿರಲಿಲ್ಲ, ಬಿದ್ದರೆ ನೋಡುವವರಿದ್ದಾರೆ ಎಂಬ ಧೈರ್ಯದಲ್ಲಿ ನಾನು ಎಂದಿಗಿಂತ ಜೋರಾಗಿ ತುಳಿದೆ. ಶಿರೂರಿನ ಆಚೆ ಕಾರು ತಿರುಗಿಕೊಂಡು ಹೋದಾಗ ಕತ್ತಲೆ ಒಮ್ಮೆಗೇ ಮೈಮೇಲೆ ಬಿತ್ತು, ನನ್ನ ವೇಗ ಅರ್ಧಕ್ಕಿಳಿಯಿತು. ಮುಂದಿನ ತಾಣದಲ್ಲಿ ಈ ವಿಷಯವನ್ನು ನಾನೇ ವರದಿ ಮಾಡಿದೆ. ಏನನ್ನೂ ಕೊಡದ ಕಾರು ನನಗೆ ಎಷ್ಟೊಂದು ಕೊಟ್ಟಿತ್ತು ಎಂಬುದು ಅದು ಹೋದ ಮೇಲೆಯೇ ತಿಳಿದದ್ದು.

ಇದೇ ಪ್ರಶ್ನೆ ದೊಡ್ಡ ಮಟ್ಟದಲ್ಲಿ ಬಂದದ್ದು ಆಸ್ಟ್ರೇಲಿಯಾದ ಲಾಕ್ಲನ್ ಮಾರ್ಟನ್ ಅವರ ಸಂದರ್ಭದಲ್ಲಿ. ನಿಮ್ಮ ಬೆಂಗಳೂರಿನ ಸವಾರರಿಗೆ ಹೋಲಿಸಬಹುದಾದ ಉದಾಹರಣೆ ಇವರೇ. ಅತ್ಯುನ್ನತ ದರ್ಜೆಯ ವೃತ್ತಿಪರ ತಂಡದಲ್ಲಿದ್ದು, 2019ರಿಂದ ಆ ತಂಡದ ಒಪ್ಪಿಗೆಯಿಂದಲೇ ಬೇರೆ ಬಗೆಯ ಓಟಗಳಿಗೆ ಹೋಗತೊಡಗಿದರು. ಬ್ರಿಟನ್ನಿನ ದಕ್ಷಿಣ ತುದಿಯಿಂದ ಉತ್ತರ ತುದಿಗೆ ಹೋಗುವ, ಸುಮಾರು 2,000 ಕಿಲೋಮೀಟರಿನ ಜಿಬಿಡ್ಯೂರೊ ಓಟವನ್ನು ಅದೇ ವರ್ಷ ಗೆದ್ದರು; ಮರುವರ್ಷ ಸ್ಪೇನಿನ ಬ್ಯಾಡ್‌ಲ್ಯಾಂಡ್ಸ್ ಓಟವನ್ನೂ ಗೆದ್ದರು. 2021ರಲ್ಲಿ ತಂಡದ ಉಳಿದವರು ಟೂರ್ ದ ಫ್ರಾನ್ಸ್ ಓಡುತ್ತಿದ್ದಾಗ ಇವರು ಅದೇ ದಾರಿಯನ್ನು, ಹಂತದಿಂದ ಹಂತಕ್ಕೆ ಬಸ್ಸಿನಲ್ಲಿ ಹೋಗುವ ದೂರವನ್ನೂ ಸೇರಿಸಿ, 5,510 ಕಿಲೋಮೀಟರನ್ನು ಒಬ್ಬರೇ ತುಳಿದು, ಗುಂಪಿಗಿಂತ ಐದು ದಿನ ಮೊದಲು ಪ್ಯಾರಿಸ್ ತಲುಪಿದರು. ಮೊಣಕಾಲು ನೋವೆದ್ದಾಗ ಸೈಕಲ್ ಶೂ ಬಿಚ್ಚಿಟ್ಟು ಸ್ಯಾಂಡಲ್ ಹಾಕಿಕೊಂಡು ಮುಂದುವರಿದದ್ದನ್ನು ನೆನೆದರೆ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ. ಬಡ ಮಕ್ಕಳಿಗೂ ಆರೋಗ್ಯ ಕಾರ್ಯಕರ್ತರಿಗೂ ಸೈಕಲ್ ಒದಗಿಸುವ ವರ್ಲ್ಡ್ ಬೈಸಿಕಲ್ ರಿಲೀಫ್ ಸಂಸ್ಥೆಗೆ ಆ ಪ್ರಯಾಣದಿಂದ ಹಣ ಸಂಗ್ರಹವಾಯಿತು.

ಆದರೆ 2023ರಲ್ಲಿ ಅವರು ಟೂರ್ ಡಿವೈಡ್ ದಾರಿಯನ್ನು ತುಳಿದಾಗ ಮಾತು ಬೇರೆಯಾಯಿತು. ಕೆನಡಾದ ಬ್ಯಾಂಫಿನಿಂದ ಮೆಕ್ಸಿಕೊ ಗಡಿಯ ಆಂಟೆಲೋಪ್ ವೆಲ್ಸ್‌ವರೆಗೆ, ಸುಮಾರು 4,400 ಕಿಲೋಮೀಟರ್, ಬಹುಪಾಲು ಮಣ್ಣಿನ ದಾರಿ. ಅಲ್ಲಿ ಆಗ ನಿಂತಿದ್ದ ದಾಖಲೆ 2016ರಲ್ಲಿ ಮೈಕ್ ಹಾಲ್ ಮಾಡಿದ್ದು: 13 ದಿನ 22 ಗಂಟೆ 51 ನಿಮಿಷ. ಮಾರ್ಟನ್ 12 ದಿನ 12 ಗಂಟೆ 21 ನಿಮಿಷಗಳಲ್ಲಿ ಮುಗಿಸಿದರು. ಹಾಗಿದ್ದರೂ ಅದು ದಾಖಲೆಯಾಗಿ ಸೇರಲಿಲ್ಲ, ಏಕೆಂದರೆ ಚಿತ್ರೀಕರಣದ ತಂಡವೊಂದು ದಾರಿಯುದ್ದಕ್ಕೂ ಅವರ ಜೊತೆಗಿತ್ತು. ಅವರಿಂದ ಮಾರ್ಟನ್ ಊಟ ಪಡೆದರೆಂದು ಇದರ ಅರ್ಥವಲ್ಲ. ಕರಡಿಗಳು ಓಡಾಡುವ, ದಿನಗಟ್ಟಲೆ ಮನುಷ್ಯರೇ ಕಾಣದ ದಾರಿಯಲ್ಲಿ ಪರಿಚಯದ ಮುಖವೊಂದು ಕಾಣಿಸುತ್ತಲೇ ಇರುವುದೆಂದರೆ ಉಳಿದ ಸವಾರರಿಗೆ ಸಿಗದ ಒಂದು ಆಸರೆ. ಆಮೇಲೆ 2025ರಲ್ಲಿ ಸ್ವಿಟ್ಜರ್ಲೆಂಡಿನ ರಾಬಿನ್ ಗೆಂಪರ್ಲೆ 12 ದಿನಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಆ ದಾರಿಯನ್ನು ಪೂರೈಸಿದರು ಎಂಬುದನ್ನೂ ಗಮನಿಸಬೇಕು.

ಆದ್ದರಿಂದ ಆ ಸವಾರರು ಬರಲಿ, ಕಾರು ಅವರ ಹಿಂದೆ ಬರುವುದು ಬೇಡ. ಮೈಕ್ ಹಾಲ್ ಅವರು 2017ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಇಂತಹದೇ ಒಂದು ಓಟದ ನಡುವೆ, ಕ್ಯಾನ್‌ಬೆರಾದ ಹತ್ತಿರ, ಬೆಳಗಿನ ಕತ್ತಲೆಯಲ್ಲಿ ವಾಹನ ಡಿಕ್ಕಿಯಾಗಿ ತೀರಿಕೊಂಡರು. ಆ ಕತ್ತಲೆಯನ್ನು ಎಲ್ಲರೂ ಸಮಾನವಾಗಿ ಎದುರಿಸಬೇಕು, ಇಲ್ಲವೇ ಎಲ್ಲರಿಗೂ ಸಮಾನವಾಗಿ ರಕ್ಷಣೆ ಒದಗಿಸಬೇಕು. ಒಬ್ಬರ ಹಿಂದೆ ಮಾತ್ರ ಬೆಳಕು ಇರುವುದು ನ್ಯಾಯವಲ್ಲ.

ಪಡುಬಿದ್ರಿ ಸವಾರ ಬರೆದದ್ದು:

ಮೂವರಿಗೂ ಕೃತಜ್ಞತೆಗಳು. ಮೇಡಂ ಬರೆದ ಒತ್ತಿನೆಣೆಯ ಪ್ರಸಂಗವನ್ನು ನಮ್ಮ ಗುಂಪಿನಲ್ಲಿ ಓದಿ ಹೇಳಿದೆ. ಕಾರು ಬಂದರೆ ತೊಂದರೆಯೇನು ಎನ್ನುತ್ತಿದ್ದವರೂ ಆಮೇಲೆ ಮಾತನಾಡಲಿಲ್ಲ. ಆದರೆ ಇನ್ನೊಂದು ಸಂದೇಹ ಉಳಿದಿದೆ. ನಮ್ಮ ಸವಾರರು ಎಲ್ಲಿದ್ದಾರೆಂದು ಮೊಬೈಲಿನ ನಕ್ಷೆಯಲ್ಲಿ ಮನೆಯವರೆಲ್ಲ ನೋಡುತ್ತಿರುತ್ತಾರೆ. ಯಾರಾದರೂ ಅಪರಿಚಿತರು ಮರವಂತೆಯಲ್ಲಿ ನಿಂತು ಬೊಂಡ (ಎಳನೀರು) ಕೆತ್ತಿ ಕೊಟ್ಟರೆ ಬೇಡವೆನ್ನಬೇಕೇ? ನಮ್ಮೂರಿನಲ್ಲಿ ಬಾಯಾರಿದವರಿಗೆ ನೀರು ಬೆಲ್ಲ ಕೊಡುವುದನ್ನು ನೆರವು ಎಂದು ಕರೆದು ತಳ್ಳಿಹಾಕುವುದು ನನ್ನಿಂದ ಆಗದು. ಆ ಸವಾರರಿಗೆ ಅಭಿಮಾನಿಗಳಿದ್ದಾರೆ, ಅವರಿಗಾಗಿ ಕಾಯುವವರೂ ಇರಬಹುದು.

ನೇತ್ರಾವತಿ ತೀರ ಬರೆದದ್ದು:

ಕುಂದಾಪುರದ ಮೇಡಂ ನನ್ನನ್ನು ತಿದ್ದಿದ್ದು ಸರಿಯಾಗಿದೆ. ಹೊತ್ತಿನ ವಿಷಯ ನನಗೆ ಹೊಳೆದಿರಲಿಲ್ಲ.

ಬೊಂಡದ ಬಗ್ಗೆ ಹೀಗೆ ಮಾಡಬಹುದು. ಕೊಡುವವರು ಮುಂದೆ ಬರುವ ಯಾವ ಸವಾರರಿಗಾದರೂ ಅದನ್ನೇ ಕೊಡುವವರಾಗಿದ್ದರೆ, ಸವಾರರು ಕೇಳಿ ಪಡೆದದ್ದಲ್ಲವಾಗಿದ್ದರೆ, ಕುಡಿದು ನಮಸ್ಕರಿಸಿ ಹೊರಡಲಿ. ಒಬ್ಬರ ಹೆಸರು ಹಿಡಿದು, ನಕ್ಷೆಯಲ್ಲಿ ನೋಡಿ, ಅವರಿಗೆಂದೇ ಕಾದು ನಿಂತವರಿಂದ ಪಡೆಯುವುದು ಬೇಡ. ಅಭಿಮಾನಿಗಳು ನಿಂತು ಕೈಬೀಸಿದರೆ ಅದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ನಿಮ್ಮ ಮನೆಯವರೂ ಉಡುಪಿಯ ಕರಾವಳಿ ಜಂಕ್ಷನ್ನಿನಲ್ಲಿ ನಿಂತು ಕೈಬೀಸುವವರೇ. ಕ್ಯಾಮೆರಾಕ್ಕೂ ಒಂದು ದಾರಿಯಿದೆ. ಎರಡು ಮೂರು ಜಾಗಗಳನ್ನು ಗೊತ್ತುಮಾಡಿ, ಅಲ್ಲಿ ಬರುವ ಎಲ್ಲರನ್ನೂ ಚಿತ್ರಿಸಲಿ, ಹಗಲಿನಲ್ಲಿ ಮಾತ್ರ.

ಪಡುಬಿದ್ರಿ ಸವಾರ ಬರೆದದ್ದು:

ನಿನ್ನೆ ಸಂಜೆ ನಾವು ಮಣಿಪಾಲದಲ್ಲಿ ಸೇರಿ ತೀರ್ಮಾನಿಸಿದೆವು. ಕ್ಯಾಮೆರಾ ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಹತ್ತಿರ ಮತ್ತು ಮರವಂತೆಯಲ್ಲಿ ಮಾತ್ರ ಇರುತ್ತದೆ, 15 ಮಂದಿಯನ್ನೂ ಚಿತ್ರಿಸುತ್ತದೆ. ಕಾರು ಒಂದು ಜಾಗದಿಂದ ಇನ್ನೊಂದಕ್ಕೆ ನಮ್ಮ ದಾರಿಯಲ್ಲಿ ಬಾರದೆ, ಹೊಸನಗರ, ಕೊಲ್ಲೂರು ಮೇಲೆ ಕೆಳಗಿಳಿಯುತ್ತದೆ. ದಾರಿಯನ್ನು ಮೊದಲೇ ನೋಡಿಹೋಗಲು ಬಿಡುವಿಲ್ಲದವರಿಗಾಗಿ, ಬಲ್ಲವರು ಹೊಂಡಗಳು, ರಾತ್ರಿ ತೆರೆದಿರುವ ಪೆಟ್ರೋಲ್ ಬಂಕ್, ನೀರು ಸಿಗುವ ಜಾಗಗಳನ್ನು ಬರೆದು ಎಲ್ಲರಿಗೂ ಹಂಚುತ್ತೇವೆ. ಮೇಡಂ ಎತ್ತಿದ ಹೊತ್ತಿನ ಪ್ರಶ್ನೆಗೆ ನಮ್ಮಿಂದ ಆಗುವ ಪರಿಹಾರ ಇಷ್ಟೆ.

ಇದನ್ನೆಲ್ಲ ಬೆಂಗಳೂರಿನ ಸವಾರರಿಗೆ ಬರೆದು ಕಳುಹಿಸಿದೆ, ಸೆಕೆಯ ಬಗ್ಗೆ ಮಣಿಪಾಲದವರು ಹೇಳಿದ್ದನ್ನೂ ಸೇರಿಸಿದೆ. ರಾತ್ರಿಯೇ ಉತ್ತರ ಬಂತು. ಎಲ್ಲ ನಿಯಮಗಳಿಗೂ ಒಪ್ಪಿದ್ದಾರೆ, ಓಟಕ್ಕೆ ಹತ್ತು ದಿನ ಮೊದಲೇ ಬಂದು ಮಲ್ಪೆಯಲ್ಲಿ ಕೋಣೆ ಮಾಡಿಕೊಂಡು ಇರುತ್ತಾರಂತೆ. ಹೊನ್ನಾವರದಿಂದ ಈಚೆಗೆ ನಡುರಾತ್ರಿಯಲ್ಲಿ ಟ್ಯೂಬ್ ಸಿಗುವ ಅಂಗಡಿ ಎಲ್ಲಿದೆಯೆಂದು ಕೇಳಿದ್ದಾರೆ, ಪಂಕ್ಚರ್ ಹಾಕುವುದನ್ನು ಈಚಿನ ಕೆಲವು ವರ್ಷಗಳಲ್ಲಿ ತಾವು ಮಾಡಿಲ್ಲವಂತೆ. ಎಲ್ಲೂ ಸಿಗುವುದಿಲ್ಲ, ಮೂರು ಟ್ಯೂಬ್ ಮತ್ತು ಒಂದು ಒಳ್ಳೆಯ ಪಂಪು ಹೊತ್ತುಕೊಂಡೇ ಬನ್ನಿ ಎಂದು ತಿಳಿಸಿದ್ದೇನೆ.